ಡೀಸೆಲ್ ಶೋಧಕವನ್ನು ನಾವೇ ಏಕೆ ಕಟ್ಟಬಾರದು?

ಮಳೆಗಾಲದ ನಿಷೇಧವು ಮುಗಿದು ಆಗಸ್ಟ್ ತಿಂಗಳಲ್ಲಿ ಮಲ್ಪೆ, ಗಂಗೊಳ್ಳಿ, ಮಂಗಳೂರುಗಳ ಯಂತ್ರದೋಣಿಗಳು ಮತ್ತೆ ಕಡಲಿಗಿಳಿಯುವುದನ್ನು ಕರಾವಳಿಯ ವಾಚಕರೆಲ್ಲರೂ ಬಲ್ಲರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ ದೋಣಿಗಳು ಧಕ್ಕೆಯಲ್ಲಿಯೇ ಇರುತ್ತವೆ. ಈ ಅವಧಿಯಲ್ಲಿ ಬಲೆಗಳನ್ನು ಸರಿಪಡಿಸುತ್ತಾರೆ, ದೋಣಿಗೆ ಬಣ್ಣ ಬಳಿಯುತ್ತಾರೆ, ಎಂಜಿನನ್ನು ಬಿಚ್ಚಿ ಜೋಡಿಸುತ್ತಾರೆ. ಟ್ಯಾಂಕಿನಲ್ಲಿ ಉಳಿದ ಡೀಸೆಲಿನ ಕಡೆಗೆ ಮಾತ್ರ ಗಮನವು ಅಷ್ಟಾಗಿ ಹರಿಯುವುದಿಲ್ಲ. ಅದರ ಫಲವು ಕಾಣಿಸಿಕೊಳ್ಳುವುದು ದಡದಲ್ಲಲ್ಲ, ಕಡಲಿನಲ್ಲಿ. ಅಲೆಗಳೆದ್ದು ದೋಣಿ ಹೊಯ್ದಾಡಿದಾಗ ತಳದ ಕೆಸರು ಕದಡಿ, ಫಿಲ್ಟರು ಕಟ್ಟಿಕೊಂಡು, ಎಂಜಿನು ನಿಂತುಹೋಗುತ್ತದೆ. ಅಳಿವೆಯ ಬಾಯಲ್ಲಿ ಹೀಗಾದರೆ, ಅಲೆಗೆ ಅಡ್ಡವಾಗಿ ತಿರುಗಿದ ದೋಣಿಯನ್ನು ಮುಂದಿನ ಅಲೆಯೇ ಮಗುಚಿಬಿಡಬಲ್ಲುದು.

ಒಂದು ಪಂಪು, ಎರಡು ಫಿಲ್ಟರು, ಕೆಲವು ಕೊಳವೆಗಳು ಇಷ್ಟನ್ನೇ ಜೋಡಿಸಿ, ಟ್ಯಾಂಕಿನ ಎಣ್ಣೆಯನ್ನು ಸುತ್ತುಹಾಕಿಸಿ ಶೋಧಿಸುವ ಸಾಧನವನ್ನು ಕೈಯಾರೆ ಮಾಡಿಕೊಳ್ಳುವ ರೂಢಿ ಪಾಶ್ಚಾತ್ಯ ಹಾಯಿದೋಣಿಗಾರರಲ್ಲಿ ಉಂಟು. ಇದೊಂದು ಆಟಿಕೆ, ಎಂಜಿನಿನ ಫಿಲ್ಟರನ್ನು ಕಾಲಕಾಲಕ್ಕೆ ಬದಲಾಯಿಸಿದರೆ ಸಾಕು ಎಂದು ವಾದಿಸುವವರೂ ಇದ್ದಾರೆ. ಆ ವಾದವನ್ನು ನಾವು ಒಪ್ಪಲಾರೆವು. ಎಂಜಿನಿನ ಫಿಲ್ಟರು ಇರುವುದು ಎಂಜಿನನ್ನು ಕಾಯುವುದಕ್ಕೆ. ಟ್ಯಾಂಕನ್ನು ಶುಚಿಮಾಡುವುದು ಅದರ ಕೆಲಸವಲ್ಲ. ಅಂತಹ ಸಾಧನವನ್ನು ನಮ್ಮ ವಿದ್ಯಾರ್ಥಿಗಳೂ ಕಟ್ಟಬೇಕು. ಆದರೆ ಅದು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ಅರಿತು ಕಟ್ಟಬೇಕು.

ಮೊದಲ ಶತ್ರು ನೀರು. ಟ್ಯಾಂಕಿನೊಳಗಿನ ಗಾಳಿಯ ತೇವವು ರಾತ್ರಿ ತಂಪಾಗಿ ಇಬ್ಬನಿಗಟ್ಟುವುದರಿಂದಲೇ ಈ ನೀರು ಬರುತ್ತದೆಂಬ ನಂಬಿಕೆ ಬಲವಾಗಿದೆ. ಲೆಕ್ಕ ಹಾಕಿ ನೋಡೋಣ. ತೇವದಿಂದ ತುಂಬಿದ ಒಂದು ಘನಮೀಟರ್ ಗಾಳಿಯಲ್ಲಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ ನೀರಾವಿ ಇರುತ್ತದೆ. 25 ಡಿಗ್ರಿಗಿಳಿದರೆ ಸುಮಾರು 23 ಗ್ರಾಂ. ಅರ್ಧ ಘನಮೀಟರ್ ಬರಿದಾದ ಟ್ಯಾಂಕಿನಲ್ಲಿ ಒಂದು ರಾತ್ರಿಗೆ ಮೂರುವರೆ ಗ್ರಾಂ ಆಯಿತು. ಗಾಳಿಯೆಲ್ಲವೂ ದಿನದಿನವೂ ಹೊಸದಾಗುತ್ತದೆಂದೇ ಇಟ್ಟುಕೊಂಡರೂ 61 ದಿನಗಳಲ್ಲಿ ಕಾಲು ಲೀಟರಿಗಿಂತ ಕಡಿಮೆ! ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ, ಸರಿಯಾಗಿ ಕೂಡದ ಮುಚ್ಚಳವೊಂದರ ಮೂಲಕ ಇಷ್ಟು ನೀರು ಒಂದೆರಡು ದಿನಗಳಲ್ಲಿಯೇ ಒಳಸೇರಬಹುದು. ಸಾವಿರಾರು ರೂಪಾಯಿಯ ಶೋಧಕವನ್ನು ಕಟ್ಟುವ ಮುನ್ನ ಮುಚ್ಚಳದ ರಬ್ಬರು ಬಳೆಯನ್ನು ಬದಲಾಯಿಸುವುದು ಲೇಸು.

ನೀರು ಡೀಸೆಲಿಗಿಂತ ಭಾರವಾದುದರಿಂದ ತಳಕ್ಕಿಳಿಯುತ್ತದೆ. ನೀರು ಮತ್ತು ಎಣ್ಣೆಗಳು ಸಂಧಿಸುವ ಪದರದಲ್ಲಿ ಬ್ಯಾಕ್ಟೀರಿಯಗಳೂ, ಹಾರ್ಮೋಕೋನಿಸ್ ರೆಸಿನೇ ಎಂಬ ಶಿಲೀಂಧ್ರವೂ ಬೆಳೆಯುತ್ತವೆ. ಅವುಗಳಿಗೆ ಎಣ್ಣೆಯೇ ಆಹಾರ, ನೀರೇ ಮನೆ. ಫಿಲ್ಟರನ್ನು ಕಟ್ಟುವ ಕಪ್ಪು ಲೋಳೆಯಲ್ಲಿ ಇವುಗಳ ಪಾಲು ದೊಡ್ಡದು. ನೀರನ್ನು ತೆಗೆದರೆ ಅವುಗಳಿಗೆ ನೆಲೆಯಿಲ್ಲ.

ನೀರಿನ ಹನಿ ಎಷ್ಟು ಬೇಗ ತಳ ಸೇರುತ್ತದೆ? ಸ್ಟೋಕ್ಸನು 1851ರಲ್ಲಿ ಕೊಟ್ಟ ನಿಯಮದಂತೆ ಹನಿಯ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನಿಶ್ಚಲವಾದ ಡೀಸೆಲಿನಲ್ಲಿ 100 ಮೈಕ್ರಾನ್ ವ್ಯಾಸದ ಹನಿಯು ಒಂದು ಮೀಟರ್ ಇಳಿಯಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. 10 ಮೈಕ್ರಾನ್ ಹನಿಗೆ ಸುಮಾರು ನಾಲ್ಕು ದಿನ. ಆದುದರಿಂದ ಮೊದಲು ಟ್ಯಾಂಕನ್ನು ಕೆಲವು ದಿನ ಅಲುಗದಂತೆ ಬಿಟ್ಟು, ತಳದ ನೀರನ್ನು ಹೊರಗೆ ಬಸಿಯಬೇಕು. ಇದಕ್ಕೆ ಖರ್ಚೇ ಇಲ್ಲ. ಇದೇ ನಿಯಮವು ಇನ್ನೊಂದು ಪಾಠವನ್ನೂ ಹೇಳುತ್ತದೆ. ಪಂಪನ್ನು ಫಿಲ್ಟರುಗಳಿಗಿಂತ ಮುಂಚೆ ಇಟ್ಟರೆ ಅದು ದೊಡ್ಡ ಹನಿಗಳನ್ನು ಕಡೆದು ಸೂಕ್ಷ್ಮವಾಗಿಸುತ್ತದೆ. ಸೂಕ್ಷ್ಮ ಹನಿಯು ಬೇರ್ಪಡಲು ಒಲ್ಲದು. ಟ್ಯಾಂಕಿನಿಂದ ಹೊರಟ ಎಣ್ಣೆಯು ಮೊದಲು ನೀರು ಬೇರ್ಪಡಿಸುವ 30 ಮೈಕ್ರಾನಿನ ಫಿಲ್ಟರನ್ನು, ಅನಂತರ 10 ಮೈಕ್ರಾನಿನದನ್ನು ಹಾಯ್ದು, ಆಮೇಲೆ ಪಂಪಿಗೆ ಬರಬೇಕು. ಪಂಪಿನ ಮುಂದೆ ಒಂದು ನಿರ್ವಾತಮಾಪಕವಿದ್ದರೆ, ಫಿಲ್ಟರು ಕಟ್ಟಿಕೊಳ್ಳುತ್ತಿರುವುದನ್ನು ಅದರ ಮುಳ್ಳೇ ತೋರಿಸುತ್ತದೆ.

ಎಷ್ಟು ಹೊತ್ತು ಓಡಿಸಬೇಕು? 1000 ಲೀಟರ್ ಎಣ್ಣೆಯನ್ನು ನಿಮಿಷಕ್ಕೆ 10 ಲೀಟರಿನಂತೆ ಹಾಯಿಸಿದರೆ 100 ನಿಮಿಷಗಳಲ್ಲಿ ಕೆಲಸ ಮುಗಿಯಿತೆಂದು ತೋರಬಹುದು. ಶುದ್ಧವಾದ ಎಣ್ಣೆಯು ಅದೇ ಟ್ಯಾಂಕಿಗೆ ಹಿಂದಿರುಗಿ ಕೊಳೆಯೊಡನೆ ಬೆರೆಯುವುದನ್ನು ಮರೆಯಬಾರದು. ಫಿಲ್ಟರು ಕೊಳೆಯನ್ನೆಲ್ಲ ಹಿಡಿಯಿತೆಂದುಕೊಂಡರೂ ಮೊದಲ ಸುತ್ತಿನ ಬಳಿಕ ನೂರಕ್ಕೆ 37 ಪಾಲು, ಎರಡನೆಯದರ ಬಳಿಕ 14, ಮೂರನೆಯದರ ಬಳಿಕ 5 ಪಾಲು ಉಳಿದಿರುತ್ತದೆ. ಅಂದರೆ ಕನಿಷ್ಠ ಐದು ಗಂಟೆ.

ಅಷ್ಟಾದ ಮೇಲೆ ಗಾಜಿನ ಬಟ್ಟಲಲ್ಲಿ ಹೊಳೆಯುವ ಎಣ್ಣೆಯನ್ನು ಕಂಡು ಹಿಗ್ಗುವುದು ಸಹಜ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ತಿಳಿಯಾದ ಎಣ್ಣೆ ಇದ್ದ ಮಾತ್ರಕ್ಕೆ ಟ್ಯಾಂಕು ಶುಚಿಯಾಯಿತೆಂದು ಅರ್ಥವಲ್ಲ. ಧಕ್ಕೆಯ ನಿಶ್ಚಲ ನೀರಿನಲ್ಲಿ, ಗೋಡೆಗೂ ಒಳತಡಿಕೆಗಳ ಮೂಲೆಗಳಿಗೂ ಅಂಟಿದ ಲೋಳೆಯನ್ನು ಮೆಲುವಾದ ಹರಿವು ಮುಟ್ಟುವುದೇ ಇಲ್ಲ. ಅದನ್ನು ಕಿತ್ತು ಫಿಲ್ಟರಿಗೆ ತಂದುಹಾಕುವುದು ಕಡಲಿನ ಅಲೆ. ಹಿಂದಿರುಗುವ ಕೊಳವೆಯ ತುದಿಯನ್ನು ಕಿರಿದುಮಾಡಿ ತಳದತ್ತ ರಭಸದಿಂದ ಚಿಮ್ಮಿಸಬೇಕು. ಅದಕ್ಕೂ ಮಣಿಯದ ಕೊಳೆಗೆ ಟ್ಯಾಂಕಿನ ಮುಚ್ಚಳ ಬಿಚ್ಚಿಸಿ ಬಲ್ಲವರಿಂದ ಉಜ್ಜಿಸುವುದೊಂದೇ ದಾರಿ.

ವಿದೇಶೀಯರ ವಿವರಣೆಗಳನ್ನು ಹಾಗೆಯೇ ನಕಲು ಮಾಡುವವರಿಗೆ ಎಚ್ಚರಿಕೆಯೊಂದನ್ನು ಹೇಳಲೇಬೇಕು. ಅಮೆರಿಕ, ಯೂರೋಪುಗಳ ಸಾಮಾನ್ಯ ಡೀಸೆಲಿನ ಆವಿಯು ಕಿಡಿಗೆ ಹೊತ್ತಿಕೊಳ್ಳುವುದು 50 ಡಿಗ್ರಿಗಿಂತ ಮೇಲೆ. ನಮ್ಮ ದೇಶದ ಮಾನಕವಾದ ಐ.ಎಸ್. 1460 ವಿಧಿಸುವ ಕನಿಷ್ಠ ಮಿತಿ ಕೇವಲ 35 ಡಿಗ್ರಿ. ಮುಚ್ಚಿದ ಎಂಜಿನ್ ಕೋಣೆಯ ಉಷ್ಣತೆ ಇದನ್ನು ಸುಲಭವಾಗಿ ಮೀರಬಲ್ಲುದು. ಅಗ್ಗದ ಮೋಟಾರು ಒಳಗೊಳಗೇ ಕಿಡಿ ಹಾರಿಸುತ್ತದೆ. ಫಿಲ್ಟರಿನಲ್ಲಿ ಹಾಯುವ ಎಣ್ಣೆಯಲ್ಲಿ ಸ್ಥಾಯೀ ವಿದ್ಯುತ್ತೂ ಕೂಡುತ್ತದೆ. ಆದುದರಿಂದ ಸಾಧನವನ್ನು ಗಾಳಿಯಾಡುವ ತೆರೆದ ಜಾಗದಲ್ಲಿಟ್ಟು, ಲೋಹದ ಭಾಗಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಬೆಸೆದು, ಉರಿಯುವ ಎಣ್ಣೆಗೆಂದೇ ತಯಾರಿಸಿದ ಪಂಪನ್ನು ಮಾತ್ರ ಬಳಸತಕ್ಕದ್ದು. ತಾಮ್ರ ಮತ್ತು ಸತುವು ಡೀಸೆಲನ್ನು ಕೆಡಿಸುವುದರಿಂದ ನೀರಿಗಾಗಿ ಮಾರುವ ಜಿ.ಐ. ಕೊಳವೆಗಳು ಇಲ್ಲಿ ಸಲ್ಲವು. ಬಸಿದ ಹೊಲಸನ್ನು ಹೊಳೆಗೆ ಚೆಲ್ಲುವವನು ಮೀನುಗಾರನ ಅನ್ನಕ್ಕೇ ಎಣ್ಣೆ ಸುರಿದಂತೆ.

ಪ್ರತಿಯೊಂದು ದೋಣಿಯಲ್ಲೂ ಇಂತಹ ಸಾಧನವಿರಬೇಕೆಂದು ನಾವು ಹೇಳುವುದಿಲ್ಲ. ಧಕ್ಕೆಗೊಂದು ಇದ್ದರೂ ಆದೀತು. ಕರಾವಳಿಯ ಪಾಲಿಟೆಕ್ನಿಕ್ಕುಗಳ ವಿದ್ಯಾರ್ಥಿಗಳು ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಅದನ್ನು ಕೈಗಾಡಿಯ ಮೇಲೆ ಕಟ್ಟಿ, ನಿಷೇಧದ ದಿನಗಳಲ್ಲಿ ದೋಣಿಯಿಂದ ದೋಣಿಗೆ ಒಯ್ಯಲಿ. ಶೋಧಿಸುವ ಮುನ್ನ ಒಂದು ಸೀಸೆ, ಆದ ಮೇಲೆ ಒಂದು ಸೀಸೆ ಎಣ್ಣೆ ತೆಗೆದು ತಾಂಡೇಲರಿಗೆ ತೋರಿಸಲಿ. ಆ ಎರಡು ಸೀಸೆಗಳನ್ನೂ ಟ್ಯಾಂಕಿನ ತಳದಿಂದಲೇ ತುಂಬಿಕೊಳ್ಳಬೇಕು.