‘ಬರೆದುಕೊಡು’ ಎಂದಾಗ

ಸ್ಟಾಕ್ ರಿಜಿಸ್ಟರಿನ ಲೆಕ್ಕಕ್ಕೂ ಕಪಾಟಿನಲ್ಲಿ ಉಳಿದ ಮತ್ತಿನ ಔಷಧದ ಆಂಪ್ಯೂಲ್‌ಗಳಿಗೂ ತಾಳೆಯಾಗದೆ ಹೋದಾಗ, ಎಷ್ಟೋ ಆಸ್ಪತ್ರೆಗಳಲ್ಲಿ ಮೊದಲು ನಡೆಯುವುದು ವಿಚಾರಣೆಯಲ್ಲ. ನೈಟ್ ಡ್ಯೂಟಿ ಮುಗಿಸಿದ ಸಿಸ್ಟರನ್ನು ಒಳಗೆ ಕರೆದು, ಬಿಳಿ ಹಾಳೆ ಮುಂದಿಟ್ಟು, ‘ತಪ್ಪಾಯ್ತು ಅಂತ ಬರೆದುಕೊಡು, ಇಲ್ಲಿಗೇ ಮುಗಿಸೋಣ’ ಎನ್ನುತ್ತಾರೆ. ಹಾಗೆನ್ನುವವರಲ್ಲಿ ಕರುಣೆಯೂ ಇರಬಹುದು. ಆದರೆ ಅದು ಅಲ್ಲಿಗೆ ಮುಗಿಯುವುದಿಲ್ಲ. ಪೆಂಟಾಜೋಸಿನ್, ಫೆಂಟನಿಲ್ ಎರಡೂ 1985ರ ಮಾದಕ ದ್ರವ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅದೇ ಹಾಳೆ ಪೊಲೀಸ್ ಠಾಣೆಗೆ ಹೋಗಬಹುದು, ಇಲಾಖಾ ವಿಚಾರಣೆಗೆ ಹೋಗಬಹುದು, ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ಗೂ ಹೋಗಬಹುದು. ಅಲ್ಲಿನ ನೋಂದಣಿಯಿಂದ ಹೆಸರು ಹೋದರೆ ಕೆಲಸ ಮಾತ್ರವಲ್ಲ, ವೃತ್ತಿಯೇ ಹೋಯಿತು.

ಹಾಗಾಗಿ ಸಹಿ ಹಾಕುವ ಮೊದಲು ವಕೀಲರನ್ನು ಕಾಣಬೇಕೆನ್ನುವವರ ಮಾತು ತೂಕದ್ದೇ. ಔಷಧ ಕಾಣೆಯಾದದ್ದು ಆಕೆಯ ಚಟದಿಂದಲೇ ಆಗಿದ್ದರೂ ಕಾನೂನು ಅವಳ ಕೈಬಿಟ್ಟಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆ ಎಂದೇ ಗುರುತಿಸಿದೆ. ಚಿಕಿತ್ಸೆಯ ವಿವರ ಗುಟ್ಟಾಗಿಡುವ ಹಕ್ಕು, ಉಚಿತ ಕಾನೂನು ನೆರವಿನ ಹಕ್ಕು ಎರಡನ್ನೂ ಕೊಟ್ಟಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯ ವರಮಾನ ಎಷ್ಟೇ ಇರಲಿ, ಅವಳಿಗೆ ಉಚಿತ ವಕೀಲರು ಸಿಗಬೇಕು. ಕೋರ್ಟಿನ ಮೊಕದ್ದಮೆಗೆ ಮಾತ್ರವಲ್ಲ, ಬರೀ ಸಲಹೆಗೂ ಅದು ಅನ್ವಯಿಸುತ್ತದೆ. ನರ್ಸ್‌ಗಳಲ್ಲಿ ಬಹುಪಾಲು ಹೆಂಗಸರೇ. ನಮ್ಮ ಕುಮಟಾದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ, ಇಲ್ಲವೆ 15100ಕ್ಕೆ ಒಂದು ಕರೆ ಸಾಕು. ಈ ಬಾಗಿಲು ತೆರೆದಿದೆಯೆಂದು ಅವರಲ್ಲಿ ಎಷ್ಟು ಜನರಿಗೆ ಯಾರಾದರೂ ಹೇಳಿದ್ದಾರೆ?

ಆದರೆ ಎಲ್ಲರ ರಕ್ಷಣೆ ಒಂದೇ ಸಮನಾಗಿಲ್ಲ. ಸರಕಾರದ ಕಾಯಂ ನೌಕರಳಿಗೆ ಸಂವಿಧಾನದ 311ನೇ ವಿಧಿಯ ಆಸರೆ ಇದೆ. ವಿಚಾರಣೆ ನಡೆಸದೆ ವಜಾ ಮಾಡಲು ಸಾಮಾನ್ಯವಾಗಿ ಬರುವುದಿಲ್ಲ. ಇಲಾಖಾ ವಿಚಾರಣೆಗೆ ವಕೀಲರನ್ನು ಕರೆತರಲು ಮಾತ್ರ 1957ರ ರಾಜ್ಯ ನಿಯಮಗಳು ಸುಲಭಕ್ಕೆ ಬಿಡವು. ಜೊತೆಗೆ ನಿಲ್ಲಬಹುದಾದವರು ಇನ್ನೊಬ್ಬ ಸರಕಾರಿ ನೌಕರ. ಎದುರಿಗೆ ಕಾನೂನು ಬಲ್ಲವರು ಕೂತಿರುವಾಗ ಆರೋಪಿಗೆ ವಕೀಲರ ನೆರವು ನಿರಾಕರಿಸಬಾರದೆಂದು ಬಾಂಬೆ ಬಂದರು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಷ್ಟು ಹಿಂದೆಯೇ ಹೇಳಿದೆ. ಗುತ್ತಿಗೆ ನರ್ಸ್‌ಗೆ ಇಷ್ಟೂ ಇಲ್ಲ. ಅವಳ ಗುತ್ತಿಗೆ ಮಾರ್ಚ್‌ನಲ್ಲಿ ನವೀಕರಣವಾಗದಿದ್ದರೆ ಸಾಕು, ಕಾರಣವನ್ನು ಯಾರೂ ಬರೆಯಬೇಕಾಗಿಲ್ಲ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ಇನ್ನೂ ಸರಳ: ‘ನಾಳೆಯಿಂದ ಬರಬೇಡ’. ಆಸ್ಪತ್ರೆಯ ಹೆಸರು ಉಳಿಯುತ್ತದೆ, ಹುಡುಗಿಯ ಹೆಸರೂ ಉಳಿಯುತ್ತದೆ, ಚಟವೂ ಉಳಿಯುತ್ತದೆ. ಮುಂದಿನ ತಿಂಗಳು ಅವಳು ಪಕ್ಕದ ತಾಲ್ಲೂಕಿನ ಇನ್ನೊಂದು ಆಸ್ಪತ್ರೆಯ ಐಸಿಯುನಲ್ಲಿರುತ್ತಾಳೆ.

ತಕ್ಕಡಿಯ ಇನ್ನೊಂದು ತಟ್ಟೆಯ ಭಾರ ಇರುವುದು ಇಲ್ಲೇ. ನೋವಿನ ಇಂಜೆಕ್ಷನ್ ಎಂದು ಸಲೈನ್ ಚುಚ್ಚಿಸಿಕೊಂಡ ರೋಗಿ ರಾತ್ರಿಯಿಡೀ ನರಳಿ, ಬೆಳಿಗ್ಗೆ ‘ಇವರಿಗೆ ತಾಳ್ಮೆಯೇ ಇಲ್ಲ’ ಎಂಬ ಮಾತನ್ನೂ ಕೇಳಿಸಿಕೊಳ್ಳುತ್ತಾನೆ. ಅಮೆರಿಕದ ಡೇವಿಡ್ ಕ್ವಿಯಾಟ್ಕೋವ್ಸ್ಕಿ ನರ್ಸ್ ಅಲ್ಲ, ಆಸ್ಪತ್ರೆ ತಂತ್ರಜ್ಞ. ಫೆಂಟನಿಲ್ ಸಿರಿಂಜುಗಳನ್ನು ಕದ್ದು, ತಾನು ಬಳಸಿದವುಗಳಲ್ಲೇ ಸಲೈನ್ ತುಂಬಿಸಿಟ್ಟು, ನ್ಯೂ ಹ್ಯಾಂಪ್‌ಶೈರ್ ಒಂದರಲ್ಲೇ ಮೂವತ್ತಕ್ಕೂ ಹೆಚ್ಚು ಜನರಿಗೆ ಹೆಪಟೈಟಿಸ್ ಸಿ ಅಂಟಿಸಿದ. 2013ರಲ್ಲಿ 39 ವರ್ಷ ಜೈಲಾಯಿತು. ಅದಕ್ಕೂ ಮೊದಲು ಬೇರೆ ರಾಜ್ಯಗಳ ಆಸ್ಪತ್ರೆಗಳು ಅವನನ್ನು ಕೆಲಸದಿಂದ ತೆಗೆದಿದ್ದವು. ಆದರೂ ಮುಂದಿನ ಆಸ್ಪತ್ರೆ ಅವನನ್ನು ತಡೆಯಲಿಲ್ಲ. ಸದ್ದಿಲ್ಲದೆ ಮನೆಗೆ ಕಳಿಸುವುದೇ ಉಪಕಾರ ಎಂದು ತಿಳಿದವರು ಈ ಪ್ರಕರಣ ಓದಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ರೋಗಿಗೆ ಆಯ್ಕೆಯೂ ಕಡಿಮೆ. ಕುಮಟಾ–ಶಿರಸಿ ದಾರಿಯ ಕತಗಾಲದಲ್ಲಿ ಮಳೆಗಾಲಕ್ಕೆ ಚಂಡಿಕಾ ಹೊಳೆ ಉಕ್ಕಿ ರಸ್ತೆಗೇ ನೀರು ಬರುತ್ತದೆ. ಯಾಣದ ಸುತ್ತಿನ ಕೇರಿಯವರಿಗೆ ಹತ್ತಿರ ಸಿಗುವ ನರ್ಸಬಾಯಿಯೇ ಗತಿ. ಕಾಯಿಲೆ ಬಿಗಡಾಯಿಸಿದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ. ಅಂಥ ಕಡೆ ಅವಳ ಕೈ ನಡುಗಬಾರದು ಎಂದು ಜನ ಕೇಳಿದರೆ ಅದು ಹೆಚ್ಚಿನ ಬೇಡಿಕೆಯಲ್ಲ. ಅವಳನ್ನೇ ಕಳೆದುಕೊಂಡರೆ ಆ ಜಾಗಕ್ಕೆ ಇನ್ನೊಬ್ಬಳು ಬೇಗ ಬರುವುದಿಲ್ಲ ಎಂಬುದೂ ಅಷ್ಟೇ ನಿಜ.

ವಕೀಲರ ಜಾಣತನದಲ್ಲೂ ಒಂದು ಅಪಾಯವಿದೆ. ಕ್ಲೈಂಟ್ ಏನನ್ನೂ ಒಪ್ಪಿಕೊಳ್ಳದಂತೆ ನೋಡಿಕೊಳ್ಳುವುದು, ವಾಯಿದೆ ಪಡೆಯುವುದು, ರಿಜಿಸ್ಟರಿನ ತಪ್ಪು ಹುಡುಕುವುದು ಅವರ ಕಸುಬು. ಚಟಕ್ಕೆ ಬಿದ್ದವರು ಹೇಗೂ ‘ನನಗೇನೂ ಆಗಿಲ್ಲ’ ಎನ್ನುತ್ತಿರುತ್ತಾರೆ. ಕೇಸು ಗೆಲ್ಲುವಷ್ಟರಲ್ಲಿ ಆಕೆ ಬದುಕಿರುವುದೇ ಅನುಮಾನವಾದೀತು. ಕೋರ್ಟೂ ಎಲ್ಲವನ್ನೂ ಮನ್ನಿಸುವುದಿಲ್ಲ. ರಿವಾಲ್ವರ್ ಕಟ್ಟಿಕೊಂಡು ಬಸ್ ನಿಲ್ದಾಣದಲ್ಲಿ ಕುಡಿದು ತೂರಾಡಿದ ಪಂಜಾಬಿನ ಕಾನ್‌ಸ್ಟೇಬಲ್‌ನ ವಜಾವನ್ನು ಸುಪ್ರೀಂ ಕೋರ್ಟ್ 1992ರಲ್ಲಿ ಎತ್ತಿಹಿಡಿಯಿತು. ಬರಿಯ ಕುಡಿತ ಒಂದು, ಇನ್ನೊಬ್ಬರ ಜೀವದ ಹೊಣೆ ಹೊತ್ತಾಗಿನ ಕುಡಿತ ಇನ್ನೊಂದು. ಸಿರಿಂಜು ಹಿಡಿದವರಿಗೂ ಈ ಭೇದ ಸಲ್ಲುತ್ತದೆ ಎಂದೇ ನನ್ನ ಎಣಿಕೆ.

ಹಾಗೆಂದು ವಕೀಲರೇ ಬೇಡ ಎನ್ನಲಾರೆ. ಅವರನ್ನು ಕಾಣುವುದು ವೈದ್ಯರ ಬಳಿ ಹೋಗುವ ದಾರಿ ಸುಗಮವಾಗಲೆಂದು ಇರಬೇಕು. ಮಾದಕ ದ್ರವ್ಯ ಕಾಯ್ದೆಯ 64ಎ ಕಲಮಿನಂತೆ, ಬಳಕೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರಕಾರಿ ಅಥವಾ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಆ ಆರೋಪದ ಮೊಕದ್ದಮೆಯಿಂದ ರಕ್ಷಣೆ ಇದೆ; ನಡುವೆ ಚಿಕಿತ್ಸೆ ಬಿಟ್ಟರೆ ಅದೂ ಹೋಗಬಹುದು. ಔಷಧ ಕದ್ದ ಆರೋಪಕ್ಕೆ ಈ ರಕ್ಷಣೆ ತಾಗದು. ಇದನ್ನು ತಿಳಿಸಿ ಹೇಳಲು ಕಾನೂನು ಓದಿದವರೇ ಬೇಕು. ಒಳ್ಳೆಯ ವಕೀಲರು ಹಾಳೆಗೆ ಸಹಿ ಬೇಡವೆಂದ ದಿನವೇ ಧಾರವಾಡದ ಡಿಮ್ಹಾನ್ಸ್‌ಗೋ ನಿಮ್ಹಾನ್ಸ್‌ಗೋ ಹೋಗೆನ್ನುತ್ತಾರೆ. ಹೊರಡುವ ಧೈರ್ಯ ಬರುವವರೆಗೆ 14416ರ ಟೆಲಿ ಮಾನಸ್ ಸಹಾಯವಾಣಿ ಇದೆ.

ಕುಡಿತ ಬಿಟ್ಟು ಬಂದವರನ್ನು ಊರು ಮತ್ತೆ ಒಳಗೆ ಕರೆದುಕೊಳ್ಳುವುದು ನಮ್ಮ ಕಡೆ ಹೊಸತಲ್ಲ. ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಗಳು ಅದನ್ನೇ ಮಾಡುತ್ತಿವೆ. ಆದರೆ ಶಿಬಿರದಲ್ಲಿ ಊರೆಲ್ಲ ನೋಡುವಂತೆ ಕೂರಲು ಬಿಳಿ ಕೋಟಿನ ಹೆಂಗಸಿಗೆ ಆಗುತ್ತದೆಯೇ? ಅವಳಿಗೆ ಬೇರೆ ಬಾಗಿಲು ಬೇಕು. ಫ್ಲೋರಿಡಾದಲ್ಲಿ 1983ರಿಂದಲೂ ಅಂಥದ್ದೊಂದಿದೆ: ನರ್ಸ್ ರೋಗಿಗಳಿಂದ ದೂರ ಸರಿಯಬೇಕು, ಚಿಕಿತ್ಸೆ ಪಡೆಯಬೇಕು, ಪರೀಕ್ಷೆಗಳಿಗೆ ಒಳಗಾಗಬೇಕು, ಷರತ್ತು ಪಾಲಿಸಿದರೆ ಪರವಾನಗಿ ಉಳಿಯಬಹುದು. 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ರಾಜ್ಯಗಳಲ್ಲೂ ಆಯೋಗ ಇರಬೇಕೆನ್ನುತ್ತದೆ. ಕರ್ನಾಟಕ ನಿಯಮ ಬರೆಯುವಾಗ ಈ ಬಾಗಿಲನ್ನು ಬರೆಯಬೇಕು. ಜೊತೆಗೆ ಮೂತ್ರ ಪರೀಕ್ಷೆಯ ಖರ್ಚು ಯಾರದು, ಆ ತಿಂಗಳುಗಳ ಸಂಬಳ ಯಾರು ಕೊಡಬೇಕು, ಗುತ್ತಿಗೆಯವಳ ಜಾಗವನ್ನು ಯಾರು ಕಾಯ್ದಿಡಬೇಕು ಎಂಬುದನ್ನೂ ಅಲ್ಲೇ ಬರೆಯಬೇಕು.