ಅರಿಷ್ಟದ ಸಾಕ್ಷಿ

ಕಳೆದ ಮಾಗಿಯ ಒಂದು ಬೆಳಗ್ಗೆ ನಮ್ಮ ಹಳೆಯ ಶಿಷ್ಯನೊಬ್ಬನ ತಾಯಿ ಶಿವಮೊಗ್ಗೆಯ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ಮಗನು ಭದ್ರಾವತಿಯ ಅಂಗಡಿಯೊಂದರ ಸರಕಿನ ಗಾಡಿಯನ್ನು ನಡೆಸುವವನು. ಹಿಂದಿನ ರಾತ್ರಿ ಅಲ್ಲಿಯ ಮದುವೆಯ ಔತಣವೊಂದನ್ನು ಮುಗಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಮರಳುತ್ತಿರುವಾಗ, ತುಂಗಾ ಸೇತುವೆಗೆ ಮುಂಚೆಯೇ ಪೊಲೀಸರು ತಡೆದು ಯಂತ್ರಕ್ಕೆ ಊದಿಸಿದರಂತೆ. ಯಂತ್ರವು ೪೮ ಎಂದು ತೋರಿಸಿತಂತೆ.

“ಮೇಷ್ಟ್ರೇ, ಕೆಮ್ಮಿಗೆಂದು ನೀವೇ ಅರಿಷ್ಟ ಕುಡಿಸಿದ್ದಿರಿ ಅಂತ ಕೋರ್ಟಿನಲ್ಲಿ ಒಂದು ಮಾತು ಹೇಳಿಬಿಡಿ. ನಿಮ್ಮ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ಇವನ ಲೈಸೆನ್ಸು ಹೋದರೆ ನಮ್ಮ ಮನೆಯ ಒಲೆ ಉರಿಯುವುದಿಲ್ಲ” ಎಂದು ಆಕೆ ಸೆರಗಿನಿಂದ ಕಣ್ಣೊರಸಿಕೊಂಡರು.

ಆ ಮನೆಯ ಬಡತನವನ್ನು ನಾವು ಬಲ್ಲೆವು. ಒಂದು ಮಾತು ಆಡಿದರೇನು ಎಂಬ ಯೋಚನೆ ನಮ್ಮ ಮನಸ್ಸಿನಲ್ಲಿಯೂ ಸುಳಿಯಿತೆಂಬುದನ್ನು ವಾಚಕರಲ್ಲಿ ಮರೆಮಾಚಲಾರೆವು. ನಾಳೆ ಹೇಳುತ್ತೇವಮ್ಮಾ ಎಂದು ಕಳುಹಿಸಿ, ಆ ಸಂಜೆಯೇ ವಕೀಲ ಮಿತ್ರರೊಬ್ಬರಲ್ಲಿಗೆ ಹೋದೆವು. ಅವರಿಂದ ತಿಳಿದುದು ಗೃಹಸ್ಥರೆಲ್ಲರಿಗೂ ಉಪಯುಕ್ತವಾದುದರಿಂದ ಇಲ್ಲಿ ಬರೆಯುತ್ತೇವೆ.

೧೯೮೮ರ ಮೋಟಾರು ವಾಹನ ಕಾಯಿದೆಯ ೧೮೫ನೆಯ ಪ್ರಕರಣದಂತೆ, ೧೦೦ ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರವು ೩೦ ಮಿಲಿಗ್ರಾಮನ್ನು ಮೀರಿರುವಾಗ ವಾಹನ ನಡೆಸುವುದು ಅಪರಾಧ. ದ್ವಿಚಕ್ರಿಯೆಂದು ರಿಯಾಯಿತಿಯಿಲ್ಲ. ೨೦೧೯ರ ತಿದ್ದುಪಡಿಯ ತರುವಾಯ ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ೧೦,೦೦೦ ರೂಪಾಯಿ ದಂಡ, ಅಥವಾ ಎರಡೂ. ಮರಳಿ ಮಾಡಿದರೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ ೧೫,೦೦೦ ರೂಪಾಯಿ ದಂಡ, ಅಥವಾ ಎರಡೂ. ರಸ್ತೆಯಲ್ಲಿಯೇ ಹಣ ತೆತ್ತು ಮುಗಿಸುವ ತಪ್ಪು ಇದಲ್ಲ, ನ್ಯಾಯಾಲಯಕ್ಕೆ ಹೋಗಲೇಬೇಕು. ಅಪರಾಧವು ಸ್ಥಿರಪಟ್ಟರೆ ಆರು ತಿಂಗಳಿಗೆ ಕಡಮೆಯಿಲ್ಲದಂತೆ ಲೈಸೆನ್ಸಿನ ಅನರ್ಹತೆಯೂ ಉಂಟು. ಗಾಡಿಯಿಂದಲೇ ಬದುಕುವವನಿಗೆ ಸೆರೆಗಿಂತಲೂ ಇದೇ ಭಾರವಾದುದು.

ಆದರೆ ಕಾಯಿದೆಯು ಆಪಾದಿತನನ್ನು ಕೈಬಿಟ್ಟಿಲ್ಲ. ಉಸಿರಿನ ಪರೀಕ್ಷೆಯನ್ನು ಕೇಳುವ ಪೊಲೀಸ್ ಅಧಿಕಾರಿಯು ಸಮವಸ್ತ್ರದಲ್ಲಿರಬೇಕು. ಬಂಧಿಸಿದರೆ ಎರಡು ಗಂಟೆಗಳೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆಯಾಗಬೇಕು, ತಪ್ಪಿದರೆ ಬಿಡುಗಡೆ ಮಾಡಬೇಕು. ಪರೀಕ್ಷೆಯ ಚೀಟಿಯನ್ನೂ ಅದರಲ್ಲಿ ನಮೂದಾದ ವೇಳೆಯನ್ನೂ ವಕೀಲರು ಪರಿಶೀಲಿಸಬಹುದು, ಪ್ರಶ್ನಿಸಬಹುದು. ೧೯೭೧ರಲ್ಲಿ ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಾಯಿಯ ವಾಸನೆ, ತಡವರಿಸುವ ನಡಿಗೆ ಮುಂತಾದವುಗಳಿಂದಲೇ ಒಬ್ಬನು ಕುಡಿದಿದ್ದನೆಂದು ನಿಶ್ಚಯಿಸಲಾಗದು, ರಕ್ತದ ಪರೀಕ್ಷೆಯಾಗಬೇಕಿತ್ತು ಎಂದು ಹೇಳಿತು. ಹಾಗೆಂದು ಪರೀಕ್ಷೆಗೇ ಒಪ್ಪದಿರುವುದು ಜಾಣತನವಲ್ಲ. ತಕ್ಕ ಕಾರಣವಿಲ್ಲದೆ ನಿರಾಕರಿಸಿದರೆ ಆ ನಿರಾಕರಣೆಯನ್ನೇ ಅವನಿಗೆ ವಿರೋಧವಾಗಿ ಭಾವಿಸಬಹುದೆಂದು ಕಾಯಿದೆಯಲ್ಲಿದೆ.

“ಅರಿಷ್ಟದ ಸಾಕ್ಷಿಯಿಂದ ಪ್ರಯೋಜನವುಂಟೆ?” ಎಂದು ಕೇಳಿದೆವು. ಮಿತ್ರರು ನಕ್ಕರು. ಅರಿಷ್ಟದಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಸಾರವು ಇರುವುದು ನಿಜ. ಆದರೆ ಕಾಯಿದೆಯು ರಕ್ತದಲ್ಲಿರುವುದನ್ನು ಅಳೆಯುತ್ತದೆಯೇ ಹೊರತು ಸೀಸೆಯ ಮೇಲಣ ಹೆಸರನ್ನು ಓದುವುದಿಲ್ಲ. ನಾವು ಸುಳ್ಳಾಡಿದ್ದರೂ ಹುಡುಗನು ಉಳಿಯುತ್ತಿರಲಿಲ್ಲ. ಅರಿಷ್ಟವೆಂಬ ಶಬ್ದಕ್ಕೆ ಔಷಧವೆಂಬ ಅರ್ಥವೂ ಕೇಡೆಂಬ ಅರ್ಥವೂ ಉಂಟೆಂದು ನಾವೇ ತರಗತಿಯಲ್ಲಿ ಹೇಳಿಕೊಡುತ್ತಿದ್ದೆವು. ಆ ಪಾಠವು ಆ ಸಂಜೆ ನಮಗೇ ಆಯಿತು.

ಮರುದಿನ ಶಿಷ್ಯನನ್ನು ಕರೆಸಿದೆವು. “ನಿನ್ನ ತಪ್ಪನ್ನು ರುಜುವಾತುಪಡಿಸಿರಿ ಎಂದು ಸರ್ಕಾರವನ್ನು ಕೇಳುವುದು ನಿನ್ನ ಹಕ್ಕು. ಕಾಗದಗಳಲ್ಲಿ ದೋಷವಿದ್ದರೆ ವಕೀಲರು ಅದನ್ನು ಎತ್ತಿ ತೋರಿಸಲಿ, ಅದು ಅಧರ್ಮವಲ್ಲ. ಇಲ್ಲದುದನ್ನು ಇತ್ತೆನ್ನುವುದು ಮಾತ್ರ ನಮ್ಮಿಂದಾಗದು” ಎಂದೆವು. ಅವನು ತಲೆತಗ್ಗಿಸಿ, “ಕುಡಿದದ್ದು ನಿಜ ಸಾರ್” ಎಂದನು. ವಕೀಲರು ನೋಡಿದರು; ಕಾಗದಗಳು ಕ್ರಮವಾಗಿದ್ದವು. ಅವನು ತಪ್ಪೊಪ್ಪಿಕೊಂಡು ದಂಡ ತೆತ್ತನು. ಸೆರೆ ತಪ್ಪಿತು, ಲೈಸೆನ್ಸು ಆರು ತಿಂಗಳು ಹೋಯಿತು. ಅಂಗಡಿಯ ಯಜಮಾನರು ಅವನನ್ನು ಬಿಡಿಸದೆ ಮೂಟೆ ಹೊರುವ ಕೆಲಸಕ್ಕೆ ಹಾಕಿದರು. ಸಂಬಳ ಅರ್ಧವಾಯಿತು. ಆರು ತಿಂಗಳೂ ಬಸ್ಸಿನಲ್ಲಿ ಓಡಾಡಿದನು. ಅವನ ತಾಯಿ ಬಹುಕಾಲ ನಮ್ಮನ್ನು ಮಾತನಾಡಿಸಲಿಲ್ಲ. ಅದನ್ನು ನಾವು ತಪ್ಪೆಣಿಸುವುದಿಲ್ಲ.

ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ, ಪಾನಗೃಹದಲ್ಲಿ ಕುಡಿಯುವವರು ಅತ್ತಿತ್ತ ಸಂಚರಿಸಕೂಡದೆಂದು ವಿಧಿಸಿದ್ದಾನೆ. ಮೋಟಾರಿಲ್ಲದ ಕಾಲದಲ್ಲಿಯೇ ಇಷ್ಟು ಎಚ್ಚರವಿದ್ದಿತು. ಔತಣವಿಡುವ ಗೃಹಸ್ಥರು ಕುಡಿದ ಅತಿಥಿಯ ಬೀಗದ ಕೈಯನ್ನು ಇಸಿದುಕೊಂಡು, ಒಂದು ಚಾಪೆ ಹಾಸಿಕೊಡಲಿ, ಇಲ್ಲವೆ ಆಟೋ ಕರೆಸಲಿ. ಆ ರಾತ್ರಿ ಭದ್ರಾವತಿಯ ಮದುವೆಯ ಮನೆಯಲ್ಲಿ ಯಾರಾದರೊಬ್ಬರು ಹಾಗೆ ಮಾಡಿದ್ದರೆ, ನಮ್ಮ ಜಗಲಿಯ ಮೇಲೆ ಆ ತಾಯಿ ಅಳಬೇಕಾಗಿರಲಿಲ್ಲ.