ಕಲ್ಲಿಲ್ಲದವರಿಗೂ ಹೆಸರಿರಲಿ



ಕೃಷ್ಣಾ ತೀರದ ಮುಳುಗಡೆ ಊರುಗಳ ಹಿರಿಯರೊಡನೆ ಮಾತಿಗೆ ಕುಳಿತಾಗಲೆಲ್ಲ ನಾನು ಒಂದು ಮಾತು ಕೇಳುತ್ತೇನೆ. "ಮನಿಗೆ ರೊಕ್ಕ ಬಂತ್ರಿ, ಹೊಲಕ್ಕೂ ಬಂತು. ಅಪ್ಪ-ಅವ್ವ ಕುಂತ ಜಾಗಾ ನೀರೊಳಗ ಹೋತು. ಅದಕ್ಕ ಯಾರು ಏನ್ ಕೊಡ್ತಾರ್ರಿ?" ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪೂರ್ಣ ಉತ್ತರ ಈಗಲೂ ಇಲ್ಲ. ಆದರೆ ಮುಂದೆ ನೀರು ಬರಲಿರುವ ಊರುಗಳಲ್ಲಿ ನಾವು ಮಾಡಬಹುದಾದ ಒಂದು ಕೆಲಸವಿದೆ.

ಆಲಮಟ್ಟಿ ಜಲಾಶಯದಲ್ಲಿ ಇಂದು 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿಯೇ ಒಪ್ಪಿದೆ. ಅದು ಜಾರಿಯಾದ ದಿನ ಇನ್ನಷ್ಟು ಊರುಗಳು ಎದ್ದು ಹೋಗಬೇಕಾಗುತ್ತದೆ. ಸರ್ವೆಗೆ ಬಂದವರು ಮನೆ, ಬಾವಿ, ಗಿಡಮರಗಳನ್ನು ಎಣಿಸಿ ಬರೆದುಕೊಳ್ಳುತ್ತಾರೆ. ರುದ್ರಭೂಮಿ ಅವರ ಕಡತದಲ್ಲಿ ಒಂದು ಸರ್ವೆ ನಂಬರು ಮಾತ್ರ. ಅದರೊಳಗೆ ಯಾರು ಯಾರು ಐಕ್ಯರಾಗಿದ್ದಾರೆ ಎಂಬುದನ್ನು ಬರೆಯುವವರಿಲ್ಲ.

ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ ಅಪ್ಪ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡೆವು. ಇಂದಿಗೂ ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯುತ್ತೇವೆ. ಅದು ಆಗಲೇಬೇಕಾದ ಕೆಲಸವಾಗಿತ್ತು. ಆದರೆ ದುಡಿದು ಬದುಕಿದ ಒಕ್ಕಲಿಗ, ನೇಕಾರ, ಗಾಣಿಗ ಕಾಯಕಜೀವಿಗಳ ಮಣ್ಣಿಗೆ ಗೋಡೆ ಕಟ್ಟಲು ಯಾರಿಂದ ಸಾಧ್ಯ? ಗೋಡೆ ಆಗದು. ಹೆಸರು ಉಳಿಸುವುದು ಆದೀತು. ಅದಕ್ಕೆ ಬೇಕಾದ ಸಾಧನ ಇಂದು ಪ್ರತಿ ಯುವಕನ ಜೇಬಿನಲ್ಲಿದೆ.

ಇದು ಮುಳುಗಡೆ ಊರುಗಳ ಮಾತು ಮಾತ್ರವಲ್ಲ. ನಮ್ಮಲ್ಲಿ ಮಠಾಧೀಶರಿಗೆ, ಉಳ್ಳವರಿಗೆ ಗದ್ದುಗೆ ಏಳುತ್ತದೆ. ಉಳಿದವರ ಪಾಲಿಗೆ ಒಂದು ಗುಡ್ಡೆ ಮಣ್ಣು, ತಲೆಭಾಗಕ್ಕೊಂದು ಕಲ್ಲು. ನಾಲ್ಕಾರು ಮಳೆಗಾಲ ಕಳೆದರೆ ಮಣ್ಣು ಸಮವಾಗುತ್ತದೆ. ಜಾಗ ಕಿರಿದಾದಲ್ಲಿ ಅಲ್ಲಿಯೇ ಇನ್ನೊಬ್ಬರಿಗೆ ಕುಣಿ ತೋಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನೆಲ ಮುಂದೆ ಬರುವವರಿಗೂ ಬೇಕು. ಆದರೆ ಯಾರ ಮಣ್ಣು ಎಲ್ಲಿದೆ ಎಂಬ ತಿಳಿವಳಿಕೆ ಊರಿನ ಒಬ್ಬಿಬ್ಬರ ನೆನಪಿನಲ್ಲಷ್ಟೇ ಇರುತ್ತದೆ. ಹೆಚ್ಚಿನ ಊರುಗಳಲ್ಲಿ ಅದು ಕುಣಿ ತೋಡುವವರ ನೆನಪು. ಅವರು ಹೋದ ದಿನ ಇಡೀ ರುದ್ರಭೂಮಿಯ ನಕ್ಷೆ ಅವರೊಡನೆ ಹೋಗುತ್ತದೆ. ಇ-ಜನ್ಮದಲ್ಲಿ ಸಿಗುವ ಮರಣ ಪ್ರಮಾಣಪತ್ರ ಸಾವು ಎಲ್ಲಿ ಸಂಭವಿಸಿತೆಂದು ಹೇಳುತ್ತದೆ, ಮಣ್ಣು ಎಲ್ಲಿ ಆಯಿತೆಂದು ಹೇಳುವುದಿಲ್ಲ. ಪುಣೆಯಿಂದಲೋ ಅಮೆರಿಕದಿಂದಲೋ ಬಂದ ಮೊಮ್ಮಗಳು ಅಜ್ಜಿಯ ಮಣ್ಣು ಯಾವುದೆಂದು ಕೇಳಿದರೆ ನಾವು ಬೇಲಿಯ ಕಡೆ ಕೈ ತೋರಿಸಿ "ಅಲ್ಲೆಲ್ಲೋ" ಎನ್ನುತ್ತೇವೆ.

ಬೇರೆಡೆ ಈ ಕೆಲಸ ಎಷ್ಟು ದೂರ ಸಾಗಿದೆ ನೋಡಿ. 1917ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಯುದ್ಧ ಸಮಾಧಿಗಳ ಆಯೋಗ ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಜನರ ಹೆಸರುಗಳನ್ನು ಕಾಪಾಡಿಕೊಂಡು ಬಂದಿದೆ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಎಂಬುದು ಅದರ ತತ್ವ. ಆ ಹೆಸರುಗಳನ್ನು ಇಂದು ಯಾರು ಬೇಕಾದರೂ ಅಂತರ್ಜಾಲದಲ್ಲಿ ಹುಡುಕಬಹುದು. 1995ರಲ್ಲಿ ಅಮೆರಿಕದ ಒಬ್ಬ ವ್ಯಕ್ತಿ ಹವ್ಯಾಸಕ್ಕೆಂದು ಆರಂಭಿಸಿದ 'ಫೈಂಡ್ ಎ ಗ್ರೇವ್' ತಾಣದಲ್ಲಿ ಸ್ವಯಂಸೇವಕರು ಊರೂರಿನ ಸಮಾಧಿಗಳ ಚಿತ್ರ ತೆಗೆದು ಸೇರಿಸುತ್ತಾ ಬಂದಿದ್ದಾರೆ. ಸಮಾನತೆಯನ್ನು 12ನೇ ಶತಮಾನದಲ್ಲಿಯೇ ಸಾರಿದ ಪರಂಪರೆಯವರು ನಾವು. ಸಾವಿನ ನಂತರದ ಈ ಸಮಾನತೆಯನ್ನು ನಮ್ಮ ಊರುಗಳಲ್ಲಿ ಯಾಕೆ ತರಬಾರದು?

ಹೇಗೆ ಮಾಡಬೇಕು? ಶಿವರಾತ್ರಿ ಮತ್ತು ಬಸವ ಜಯಂತಿಯ ನಡುವಿನ ದಿನಗಳು ಇದಕ್ಕೆ ಒಳ್ಳೆಯವು. ಆಗ ಹುಲ್ಲು ಕಂಟಿ ಒಣಗಿರುತ್ತವೆ, ಹಿನ್ನೀರೂ ಇಳಿದಿರುತ್ತದೆ. ಊರಿನ ನಾಲ್ವರು ಯುವಕ ಯುವತಿಯರು, ಇಬ್ಬರು ಹಿರಿಯರು, ಕುಣಿ ತೋಡುವ ಕಾಯಕದವರು ಒಟ್ಟಿಗೆ ಹೋಗಲಿ. ಪ್ರತಿ ಮಣ್ಣಿಗೆ ಒಂದು ಸಂಖ್ಯೆ ಕೊಟ್ಟು ಹೆಸರು, ತಂದೆ ಅಥವಾ ತಾಯಿಯ ಹೆಸರು, ಮಾಡಿದ ಕಾಯಕ, ಐಕ್ಯರಾದ ವರ್ಷ ಬರೆಯಲಿ, ಒಂದು ಚಿತ್ರ ತೆಗೆಯಲಿ. ಮೊಬೈಲಿನ ಜಿಪಿಎಸ್ ಒಂದನ್ನೇ ನಂಬಬೇಡಿ. ಬಯಲಿನಲ್ಲಿಯೂ ಅದು ಸುಮಾರು 5 ಮೀಟರಿನಷ್ಟು ಆಚೀಚೆ ತೋರಿಸುತ್ತದೆ. ಅಷ್ಟು ಜಾಗದಲ್ಲಿ ನಮ್ಮಲ್ಲಿ ಮೂರು ನಾಲ್ಕು ಮಣ್ಣುಗಳಿರುತ್ತವೆ. ಆದ್ದರಿಂದ ಗೇಟು, ಬೇವಿನ ಮರ, ಬಾವಿಯಂಥ ಗುರುತಿನಿಂದ ಟೇಪು ಹಿಡಿದು ಅಳೆದು ಸಾಲು, ಸಂಖ್ಯೆ ಬರೆದುಕೊಳ್ಳಬೇಕು. ಗುರುತು ಸಿಗದ ಮಣ್ಣಿಗೂ ಸಂಖ್ಯೆ ಇರಲಿ. ಜಾಗ ತಿಳಿಯದ ಹೆಸರಿಗೂ ಪಟ್ಟಿಯಲ್ಲಿ ಸ್ಥಳವಿರಲಿ. ಈಗಾಗಲೇ ನೀರಿನಲ್ಲಿ ಮುಳುಗಿದ ರುದ್ರಭೂಮಿಗಳ ಹೆಸರುಗಳನ್ನು ಪುನರ್ವಸತಿ ಕೇಂದ್ರಗಳ ಮನೆಮನೆಗೆ ಹೋಗಿ ಕೇಳಿ ಬರೆಯಬಹುದು.

ಹಿರಿಯರ ದನಿಯನ್ನೂ ಅವರು ಬದುಕಿರುವಾಗಲೇ ಹಿಡಿದಿಡೋಣ. ಅವರ ಕಾಯಕ, ಊರಿನ ಕಥೆ, ಅವರ ಬಾಯಲ್ಲೇ ಅರ್ಧ ಗಂಟೆ ಸಾಕು.

ಇಷ್ಟನ್ನೂ ಒಂದೇ ಮೊಬೈಲಿನಲ್ಲಿ ಇಟ್ಟರೆ ಮೊಬೈಲು ಕೆಟ್ಟ ದಿನ ಎಲ್ಲವೂ ಹೋಗುತ್ತದೆ. ಫ.ಗು. ಹಳಕಟ್ಟಿಯವರು ವಚನಗಳ ತಾಡೋಲೆ ಕಟ್ಟುಗಳನ್ನು ಹುಡುಕಿ ಮನೆ ಮಠಗಳಿಗೆ ಅಲೆದರು. ಅವು ಹಲವು ಕಡೆ ಚದುರಿ ಉಳಿದಿದ್ದರಿಂದಲೇ ಅವರ ಕೈಗೆ ಸಿಕ್ಕವು. ಈ ಪಟ್ಟಿಗೂ ಅದೇ ನಿಯಮ ಇರಲಿ: ಒಂದು ಪ್ರತಿ ಮಠದಲ್ಲಿ, ಒಂದು ಗ್ರಾಮ ಪಂಚಾಯಿತಿಯಲ್ಲಿ, ಒಂದು ಊರಿನ ಶಾಲೆಯಲ್ಲಿ. ಜೊತೆಗೆ ಕಾಗದದ ಮೇಲೆ ಅಚ್ಚಾದ ಪ್ರತಿಯೂ ಬೇಕೇ ಬೇಕು. ಕಲ್ಲಿಗೆ ಕ್ಯೂಆರ್ ಕೋಡ್ ಅಂಟಿಸುವುದು ಈಗ ಕೆಲವೆಡೆ ರೂಢಿಯಾಗುತ್ತಿದೆ. ಆ ಕೋಡು ಒಂದು ವಿಳಾಸವಷ್ಟೇ. ತಾಣ ಮುಚ್ಚಿದರೆ ಕಲ್ಲಿನ ಮೇಲೆ ಬರೀ ಕಪ್ಪು ಚುಕ್ಕೆಗಳು ಉಳಿಯುತ್ತವೆ. ಹೆಸರನ್ನು ಕನ್ನಡದಲ್ಲಿ ಕೆತ್ತಿಸಿದ ಮೇಲೆ ಬೇಕಿದ್ದರೆ ಕೋಡು ಹಾಕಿಸಿ.

ಮಾಡಬಾರದ್ದನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ಚೀನಾದಲ್ಲಿ ಹಿರಿಯರ ಸಮಾಧಿ ಗುಡಿಸುವ ಚಿಂಗ್‌ಮಿಂಗ್ ದಿನ ಮೊಬೈಲಿನಲ್ಲಿಯೇ ದೀಪ, ಹೂವು ಅರ್ಪಿಸುವ ವ್ಯವಸ್ಥೆಯಿದೆ. ಕೊರೊನಾ ಕಾಲದಲ್ಲಿ ಅದು ಜನರಿಗೆ ನೆರವಾಯಿತು. ಆದರೆ ನಮ್ಮಲ್ಲಿ ಅದು ಆನ್‌ಲೈನ್ ಪೂಜೆಯ ಅಂಗಡಿಯಾಗಲು ತಡವಾಗದು. ನಮ್ಮದು ಶ್ರಾದ್ಧದ ಮಾರ್ಗವಲ್ಲ, ಸ್ಮರಣೆಯ ಮಾರ್ಗ. ಆದ್ದರಿಂದ ಹೆಸರು ಸೇರಿಸಲು ಯಾವ ಮಠವೂ ಹಣ ಪಡೆಯಬಾರದು. ಪಟ್ಟಿಯಲ್ಲಿ ಒಳಪಂಗಡದ ಕಲಮು ಇರಬಾರದು. ಸಾವಿನ ಕಾರಣ ಬರೆಯಬಾರದು. ಮನೆಯವರ ಒಪ್ಪಿಗೆ ಇಲ್ಲದೆ ಚಿತ್ರ ಹಾಕಬಾರದು. ಕುಳ್ಳಿರಿಸಿದ ಶರೀರದ ಚಿತ್ರವನ್ನು ಗಳಿಗೆಯೊಳಗೆ ವಾಟ್ಸಾಪಿನಲ್ಲಿ ಹರಿಬಿಡುವ ಚಾಳಿ ನಿಲ್ಲಬೇಕು. ಅದರಲ್ಲಿ ಗೌರವವೂ ಇಲ್ಲ, ಸ್ಮರಣೆಯೂ ಇಲ್ಲ.

ಕೆಲವರು ಕೇಳಬಹುದು: ವಿಜಯಪುರದ ಸಿದ್ಧೇಶ್ವರ ಶ್ರೀಗಳು ತಮಗೆ ಸ್ಮಾರಕವೇ ಬೇಡವೆಂದು ಬರೆದಿಟ್ಟರಲ್ಲ, ನಾವೇಕೆ ಹೆಸರಿಗೆ ಅಂಟಿಕೊಳ್ಳಬೇಕು? 2023ರ ಜನವರಿಯಲ್ಲಿ ಅವರ ಇಚ್ಛೆಯಂತೆಯೇ ಅಗ್ನಿಸಂಸ್ಕಾರ ನಡೆಯಿತು. ಆ ನಿರ್ಮೋಹಕ್ಕೆ ಶರಣೆನ್ನುತ್ತೇನೆ. ಆದರೆ ಬೇಡವೆನ್ನುವ ಆಯ್ಕೆ ಅವರಿಗಿತ್ತು, ಅವರ ಪ್ರವಚನ ಇಂದಿಗೂ ಮನೆಮನೆಯ ಮೊಬೈಲಿನಲ್ಲಿ ಕೇಳುತ್ತಿದೆ. ಹೊಲದಲ್ಲಿ ಕಳೆ ತೆಗೆದು ಬದುಕು ಸವೆಸಿದ ತಾಯಿಗೆ ಬೇಕು ಬೇಡ ಎಂದು ಕೇಳಿದವರು ಯಾರು? ಮನೆಯವರು ಬೇಡವೆಂದರೆ ಆ ಹೆಸರು ಪಟ್ಟಿಯಲ್ಲಿ ಬೇಡ. ಕೇಳದೆಯೇ ಮರೆಯುವುದು ಮಾತ್ರ ಸಲ್ಲದು.

ಇನ್ನೊಂದು ಮಾತು. ರುದ್ರಭೂಮಿಗೆ ಹೆಣ್ಣುಮಕ್ಕಳು ಹೋಗಬಾರದೆಂಬ ಕಟ್ಟು ಅನೇಕ ಊರುಗಳಲ್ಲಿ ಇನ್ನೂ ಉಳಿದಿದೆ. ಪಂಚಸೂತಕಗಳನ್ನು ನಿರಾಕರಿಸಿದ ಧರ್ಮದಲ್ಲಿ ಈ ಕಟ್ಟಿಗೆ ಆಧಾರವಿಲ್ಲ. ಮೊಬೈಲಿನಲ್ಲಿ ತವರಿನ ಮಣ್ಣಿನ ಚಿತ್ರ ನೋಡಿ ಮಗಳು ಸಮಾಧಾನಪಟ್ಟುಕೊಳ್ಳಲಿ ಎಂಬುದು ನನ್ನ ಆಶಯವಲ್ಲ. ಪಟ್ಟಿ ಮಾಡುವ ತಂಡದಲ್ಲಿಯೇ ಅವಳಿರಲಿ. ಟೇಪಿನ ಒಂದು ತುದಿ ಅವಳ ಕೈಯಲ್ಲಿರಲಿ.

ಮಠಗಳ ಪೂಜ್ಯರಲ್ಲಿ ನನ್ನ ವಿನಂತಿ ಇಷ್ಟೆ. ಈ ವರ್ಷ ನಿಮ್ಮ ಮಠದ ಸುತ್ತಲಿನ ಒಂದು ಊರನ್ನು ಆರಿಸಿಕೊಳ್ಳಿ. ಮುಳುಗಡೆ ಅಂಚಿನ ಊರುಗಳಿದ್ದರೆ ಅವುಗಳಿಂದಲೇ ಆರಂಭಿಸಿ, ಅಲ್ಲಿ ಕಾಲ ಕಡಿಮೆಯಿದೆ. ಮೊದಲ ಪಟ್ಟಿ ಸಿದ್ಧವಾದಾಗ ಬಸವ ಜಯಂತಿಯ ಸಭೆಯಲ್ಲಿ ಆ ಹೆಸರುಗಳನ್ನೆಲ್ಲ, ಗದ್ದುಗೆ ಇದ್ದವರು ಇಲ್ಲದವರು ಎನ್ನದೆ, ಒಂದೇ ಸಾಲಿನಲ್ಲಿ ಓದಿಸಿ.



– ಸಂಪಾದಕ